ನೆತ್ತಿಯ ಮೇಲಿನ ನಲವತ್ತು ಸಾಲು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಉಪಗ್ರಹ ಫೋಟೋ ತೆಗೆಯುವುದಿಲ್ಲ. ಟೀವಿಯಲ್ಲಿ ಮೋಡದ ಚಿತ್ರ ತೋರಿಸಿ "ಉಪಗ್ರಹ ತೆಗೆದ ಫೋಟೋ" ಎನ್ನುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಫೋಟೋದವನು ಕ್ಲಿಕ್ ಅನ್ನಿಸಿದ ಹಾಗೆ ಅಲ್ಲಿ ಯಾರೂ ಕ್ಲಿಕ್ ಅನ್ನಿಸುವುದಿಲ್ಲ. ನಾವು ಹಿಡಿಯುತ್ತಿದ್ದ ಉಪಗ್ರಹದಲ್ಲಿ ಇದ್ದದ್ದು ಒಂದು ಕನ್ನಡಿ. ಅದು ಸೆಕೆಂಡಿಗೆ ಆರು ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಭೂಮಿಯ ಒಂದು ಸಣ್ಣ ಪಟ್ಟಿಯನ್ನು ಆ ಅಂಚಿನಿಂದ ಈ ಅಂಚಿನವರೆಗೆ ಸವರಿಕೊಂಡು ಹೋಗುತ್ತದೆ. ಆ ಪಟ್ಟಿಯಿಂದ ಬಂದ ಬೆಳಕು, ಬಿಸಿ ಎಲ್ಲ ಒಳಗಿನ ಸಂವೇದಕದ ಮೇಲೆ ಬಿದ್ದು ಅಂಕಿಗಳಾಗುತ್ತವೆ. ಅಂಕಿಗಳು ಆ ಕ್ಷಣವೇ ರೇಡಿಯೋ ಅಲೆಯಾಗಿ ಕೆಳಗೆ ಬರುತ್ತವೆ. ಅಷ್ಟರಲ್ಲಿ ಉಪಗ್ರಹ ಒಂದು ಕಿಲೋಮೀಟರಿನಷ್ಟು ಮುಂದೆ ಹೋಗಿರುತ್ತದೆ, ಕನ್ನಡಿ ಮುಂದಿನ ಪಟ್ಟಿಯನ್ನು ಸವರುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಒಂದೊಂದೇ ಎಳೆ ಹಾಕುತ್ತ ಸೀರೆ ಉದ್ದವಾಗುವ ಹಾಗೆ ನಮ್ಮ ಪರದೆಯ ಮೇಲೆ ಒಂದೊಂದೇ ಸಾಲು ಕೂಡುತ್ತ ಚಿತ್ರ ಆಗುತ್ತಿತ್ತು. ಕೆಳಗೆ ಯಾರೂ ಹಿಡಿಯದ ಸಾಲು ನಮ್ಮ ಪಾಲಿಗೆ ಹೋದ ಹಾಗೆಯೇ. ಮತ್ತೊಮ್ಮೆ ಕಳಿಸು ಎಂದು ಕೇಳುವಂತಿರಲಿಲ್ಲ.

ಆ ಕನ್ನಡಿಯ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಭೂಮಿಯನ್ನು ನೋಡಿ ಮುಗಿಸಿದ ಮೇಲೆ, ಅದೇ ಸುತ್ತಿನಲ್ಲಿ, ಅದು ಏನೂ ಇಲ್ಲದ ಕಪ್ಪು ಆಕಾಶವನ್ನು ಒಮ್ಮೆ ನೋಡುತ್ತದೆ. ಆಮೇಲೆ ತನ್ನ ಪೆಟ್ಟಿಗೆಯೊಳಗೇ ಇರುವ, ಎಷ್ಟು ಬಿಸಿ ಎಂದು ಗೊತ್ತಿರುವ ಒಂದು ತಗಡನ್ನು ನೋಡುತ್ತದೆ. ಖಾಲಿ ಎಂದರೆ ಎಷ್ಟು, ಬಿಸಿ ಎಂದರೆ ಎಷ್ಟು ಎಂದು ಪ್ರತಿ ಸುತ್ತಿನಲ್ಲೂ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಮನುಷ್ಯರಿಗೆ ದಿನಕ್ಕೊಮ್ಮೆಯೂ ಆಗದ ಕೆಲಸ ಅದು. ಇದನ್ನು ನಾನು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದೆ. ನನಗೆ ಯಾರೂ ಪಾಠ ಮಾಡಲಿಲ್ಲ.

ನಾನು ವಿಜಾಪುರದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರು. ಸದಾಶಿವ ಪೇಠದ ಹಳೆಯ ವಾಡೆಯಲ್ಲಿ, ಅಂದರೆ ವಠಾರದಲ್ಲಿ, ಎರಡು ಖೋಲಿಯ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಈ ಕೆಲಸ ಸಿಕ್ಕಿತು. ಊರ ಪಶ್ಚಿಮದ ಒಂದು ದಿಬ್ಬದ ಮೇಲೆ ನಮ್ಮ ಸಣ್ಣ ಸ್ವೀಕಾರ ಕೇಂದ್ರ ಇತ್ತು. ಮಾಳಿಗೆಯ ಮೇಲೆ ಜಾಲರಿಯ ದೊಡ್ಡ ಡಿಶ್, ಕೆಳಗೆ ಕಿಟಕಿಯಿಲ್ಲದ ಏಸಿ ಕೋಣೆ. ಯಂತ್ರಗಳಿಗೆ ಧೂಳು ಆಗುವುದಿಲ್ಲ ಎಂದು ಕಿಟಕಿ ಇಟ್ಟಿರಲಿಲ್ಲ. ದಿನವಿಡೀ ಮೋಡ ನೋಡುವ ಕೆಲಸ, ಆದರೆ ಆಕಾಶ ನೋಡಬೇಕಾದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಬೇಕು. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು, ಎರಡರಿಂದಲೂ ಕುರ್ಚಿ ಮಾತ್ರ ಬದಲಾಯಿತು.

ನಮ್ಮ ಸಾಹೇಬರು ಪಾಟಣಕರ್. ತೆಳ್ಳಗೆ, ಕಡ್ಡಿಯ ಹಾಗೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಸೇರಿದ ಮೊದಲ ವಾರವೇ ನಾನು ಅವರ ಮುಂದೆ ಮಾನ ಕಳೆದುಕೊಂಡೆ. ಬೆಳಗಿನ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿತ್ತು, ಚಿತ್ರ ನೆಟ್ಟಗೆ ಬರುತ್ತಿತ್ತು. ಮಧ್ಯಾಹ್ನದ್ದು ದಕ್ಷಿಣದಿಂದ ಉತ್ತರಕ್ಕೆ. ಮೊದಲು ಬಂದ ಸಾಲು ದಕ್ಷಿಣದ್ದಾದ್ದರಿಂದ ಚಿತ್ರ ತಲೆಕೆಳಗಾಗಿ ಇಳಿಯುತ್ತಿತ್ತು. ಅದನ್ನು ತಿರುಗಿಸಬೇಕು ಎಂದು ನನಗೆ ಹೊಳೆಯಲಿಲ್ಲ. ಮುದ್ರಿಸಿ, ದೊಡ್ಡ ಸಾಧನೆ ಮಾಡಿದವಳ ಹಾಗೆ ಅವರ ಮೇಜಿನ ಮೇಲಿಟ್ಟೆ. ಅವರು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು.

"ನಾಡಗೌಡ ಬಾಈ, ಲಂಕಾ ವರ್ ಕಶೀ ಗೇಲೀ?" ಎಂದರು. ಲಂಕೆ ಮೇಲೆ ಹೇಗೆ ಹೋಯಿತು ಎಂದು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಈಗ ಅನ್ನಿಸುತ್ತದೆ, ಎಲ್ಲರಿಗೂ ಕಾಣುವ ತಪ್ಪಿನಷ್ಟು ಒಳ್ಳೆಯ ತಪ್ಪು ಇನ್ನೊಂದಿಲ್ಲ. ಯಾರೋ ನಗುತ್ತಾರೆ, ನೀವು ತಿದ್ದಿಕೊಳ್ಳುತ್ತೀರಿ, ಅಲ್ಲಿಗೆ ಮುಗಿಯಿತು.

ಡಿಶ್ಶಿನ ವಿಷಯಕ್ಕೆ ಬರುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಉಪಗ್ರಹ ದಿಗಂತದಲ್ಲಿ ಮೂಡಿ ಇನ್ನೊಂದು ದಿಗಂತದಲ್ಲಿ ಮುಳುಗಲು ಹದಿನೈದು ನಿಮಿಷ ಹಿಡಿಯುವುದಿಲ್ಲ. ಅಷ್ಟು ಹೊತ್ತೂ ಡಿಶ್ ಅದರ ಬೆನ್ನು ಬಿಡಬಾರದು. ಎರಡು ಮೋಟರುಗಳಿದ್ದವು, ಒಂದು ಅಕ್ಕಪಕ್ಕಕ್ಕೆ ತಿರುಗಿಸಲು, ಒಂದು ಮೇಲೆ ಕೆಳಗೆ ಎತ್ತಲು. ಉಪಗ್ರಹ ಓರೆಯಾಗಿ ಪಕ್ಕದಿಂದ ಹೋದರೆ ಏನೂ ತೊಂದರೆಯಿಲ್ಲ. ಆದರೆ ಸರಿಯಾಗಿ ನೆತ್ತಿಯ ಮೇಲೆಯೇ ಹಾದು ಹೋದರೆ, ದಕ್ಷಿಣಕ್ಕೆ ಮುಖ ಮಾಡಿದ್ದ ಡಿಶ್ ಕ್ಷಣಾರ್ಧದಲ್ಲಿ ಉತ್ತರಕ್ಕೆ ಹೊರಳಬೇಕು. ನಮ್ಮ ಹಳೆಯ ಮೋಟರಿಗೆ ಆ ಓಟ ಆಗುತ್ತಿರಲಿಲ್ಲ. ಅದು ಗರಗರ ಎಂದು ಅರ್ಧ ಸುತ್ತು ತಿರುಗಿ ಮುಗಿಸುವಷ್ಟರಲ್ಲಿ ಆರೇಳು ಸೆಕೆಂಡು ಉಪಗ್ರಹ ಕೈತಪ್ಪುತ್ತಿತ್ತು. ಸೆಕೆಂಡಿಗೆ ಆರು ಸಾಲು ಎಂದರೆ ಸುಮಾರು ನಲವತ್ತು ಸಾಲು. ಆ ನಲವತ್ತು ಸಾಲು ಯಾವ ಊರಿನವು ಎಂದು ನೀವೇ ಲೆಕ್ಕ ಹಾಕಿ. ಉಪಗ್ರಹ ಆಗ ನಮ್ಮ ನೆತ್ತಿಯ ಮೇಲೆ ಇರುತ್ತಿತ್ತು. ಅರಬ್ಬೀ ಸಮುದ್ರದ ನಡುವಿನ ಮೋಡ ಚೊಕ್ಕಟವಾಗಿ ಕಾಣುತ್ತಿತ್ತು, ಹಿಮಾಲಯದ ಹಿಮ ಕಾಣುತ್ತಿತ್ತು, ಪುಣೆ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಕಪ್ಪು ಪಟ್ಟಿ.

ಪಾಟಣಕರ್ ಸಾಹೇಬರಿಗೆ ಆ ಕಪ್ಪು ಪಟ್ಟಿ ಕಂಡರೆ ಆಗುತ್ತಿರಲಿಲ್ಲ. ಚಿತ್ರ ಗೋಡೆಗೆ ಹೋಗುತ್ತಿತ್ತು, ಅತಿಥಿಗಳು ಬಂದರೆ ಅವರ ಕೈಗೆ ಹೋಗುತ್ತಿತ್ತು. "ಓಳೀ ಭರಾ" ಎನ್ನುವರು, ಸಾಲು ತುಂಬಿ ಎಂದು. ತುಂಬುವುದು ಸುಲಭ. ಪಟ್ಟಿಯ ಮೇಲಿನ ಒಳ್ಳೆಯ ಸಾಲನ್ನೂ ಕೆಳಗಿನ ಒಳ್ಳೆಯ ಸಾಲನ್ನೂ ಗುರುತು ಮಾಡಿ ಒಂದು ಗುಂಡಿ ಒತ್ತಿದರೆ, ಕಂಪ್ಯೂಟರ್ ಎರಡರ ನಡುವಿನ ಛಾಯೆಯನ್ನು ಸಮವಾಗಿ ಹರಡಿಬಿಡುತ್ತಿತ್ತು. ಒಂದೆರಡು ಸಾಲು ಹೋದಾಗ ಹೀಗೆ ಮಾಡುವುದರಲ್ಲಿ ತಪ್ಪೇನಿಲ್ಲ. ನಲವತ್ತು ಸಾಲಿಗೂ ಅದನ್ನೇ ಮಾಡುತ್ತಿದ್ದೆವು. ಮುನ್ಸೂಚನೆ ಬರೆಯುವವರಿಗೆ ಹೋಗುವ ಪ್ರತಿಯ ಜೊತೆ "ಇಷ್ಟು ಸಾಲು ತುಂಬಿದ್ದು" ಎಂದು ಚೀಟಿ ಹೋಗುತ್ತಿತ್ತು. ಗೋಡೆಯ ಪ್ರತಿಗೆ ಚೀಟಿ ಇರುತ್ತಿರಲಿಲ್ಲ. ತುಂಬುವುದರಲ್ಲಿ ನನ್ನ ಕೈ ಎಲ್ಲರಿಗಿಂತ ಚೆನ್ನಾಗಿತ್ತು, ಅಂಚು ಎಲ್ಲಿದೆ ಎಂದು ಗೊತ್ತಾಗದಂತೆ ಮಾಡುತ್ತಿದ್ದೆ. ಅದರ ಬಗ್ಗೆ ನನಗೆ ಜಂಭವೂ ಇತ್ತು.

ಇನ್ನು ಮಲ್ಲಮ್ಮನ ಮಾತು.

ದಿಬ್ಬದ ಕೆಳಗೆ ದೊಡ್ಡ ವಸತಿ ಸಂಕೀರ್ಣದ ಕೆಲಸ ಶುರುವಾಗಿತ್ತು. ಕೂಲಿಗಳೆಲ್ಲ ಯಾದಗಿರಿ ಕಡೆಯವರು, ತಗಡಿನ ಜೋಪಡಿಗಳಲ್ಲಿ ಇದ್ದರು. ಅಲ್ಲಿ ಕುಡಿಯುವ ನೀರಿಲ್ಲದ್ದರಿಂದ ನಮ್ಮ ಕಾಂಪೌಂಡಿನ ನಳದಿಂದ ಒಯ್ಯಲು ಸಾಹೇಬರು ಒಪ್ಪಿದ್ದರು. ನೀರಿಗೆ ಬರುತ್ತಿದ್ದವಳು ಮಲ್ಲಮ್ಮ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ತಲೆಯ ಮೇಲೆ ಎರಡು ಕೊಡ, ಬಗಲಲ್ಲಿ ಒಂದು. ಒಂದು ದಿನ ಅವಳು ಕೊಡ ತುಂಬುತ್ತ ತನ್ನಷ್ಟಕ್ಕೆ ಕನ್ನಡದಲ್ಲಿ ನಳಕ್ಕೆ ಬೈಯುತ್ತಿದ್ದಳು. ನಾನು ನಕ್ಕೆ. "ಅಯ್ಯ, ನಮ್ಮವರೇನ್ರಿ ಬಾಯಾರ!" ಎಂದು ಅವಳು ಕೊಡ ಅಲ್ಲೇ ಬಿಟ್ಟು ಹತ್ತಿರ ಬಂದಳು. ಅಂದಿನಿಂದ ನಮ್ಮ ಸ್ನೇಹ. ನನಗೆ ಶೇಂಗಾ ಹಿಂಡಿ ತರುತ್ತಿದ್ದಳು, ನಾನು ಅವಳಿಗೆ ಹಳೆಯ ಸೀರೆ ಕೊಡುತ್ತಿದ್ದೆ. ಅವಳ ಗಂಡ ಸಾಬಣ್ಣ ಕಬ್ಬಿಣ ಕಟ್ಟುವವನು. ಮಾತು ಕಡಿಮೆ. ಕಂಡರೆ ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ ಹೋಗಿಬಿಡುವನು.

ನಾನು ಒಳಗೆ ಮಾಡುವ ಕೆಲಸ ಏನು ಎಂದು ಮಲ್ಲಮ್ಮ ಕೇಳಿದಳು. ಹೇಳಿದೆ.

"ಹಂಗಾರ ಮಳಿ ಬರ್ತದೋ ಇಲ್ಲೋ ನಿಮಗ ಮೊದಲ ಗೊತ್ತಾಗ್ತದೇನ್ರಿ?"

"ಮೋಡ ಎಲ್ಲಿ ಅದಾವ ಅಂತ ಗೊತ್ತಾಗ್ತದ. ಮಳಿ ಹೇಳೂದು ನನ್ನ ಕೆಲಸ ಅಲ್ಲ, ಅದಕ್ಕ ಬ್ಯಾರೆ ಸಾಹೇಬ್ರು ಅದಾರ."

"ಅದ ಸಾಕ್ ಬಿಡ್ರಿ. ಸ್ಲ್ಯಾಬ್ ಹಾಕೂ ದಿನ ಮಳಿ ಬಂದ್ರ ಸಿಮಿಟೆಲ್ಲ ತೊಳದ ಹೋಗ್ತದ, ಮುಕಾದಮ ನಮಗ ಬಡೀತಾನ."

ಅಂದಿನಿಂದ ಅದೊಂದು ಪದ್ಧತಿಯಾಯಿತು. ಮಧ್ಯಾಹ್ನದ ಉಪಗ್ರಹ ಹೋದ ಮೇಲೆ, ಚಿತ್ರ ಮುದ್ರಿಸಿ, ಎರಡೂವರೆ ಮೂರರ ಹೊತ್ತಿಗೆ ಚಹಾಕ್ಕೆ ನಾನು ಹೊರಗೆ ಬರುತ್ತಿದ್ದೆ. ಮಲ್ಲಮ್ಮ ನಳದ ಹತ್ತಿರ ಇರುತ್ತಿದ್ದಳು. "ಫೋಟೋ ಏನಂತದ್ರಿ?" ಎನ್ನುವಳು. ನಾನು ಹೇಳುವೆ. ಅವಳು ಕೆಳಗೆ ಹೋಗಿ ಎಲ್ಲರಿಗೂ ಸಾರುವಳು. ನನ್ನ ಮಾತು ಹತ್ತರಲ್ಲಿ ಎಂಟು ಸಲ ನಿಜವಾಗುತ್ತಿತ್ತು. ಕೂಲಿಗಳು ನನಗೆ ಮೋಡದ ಬಾಯಾರು ಎಂದು ಹೆಸರಿಟ್ಟರು. ಸ್ವೀಕಾರ ಕೋಣೆಯವರು ಹೊರಗಿನವರಿಗೆ ಹವಾಮಾನ ಹೇಳಬಾರದು ಎಂಬುದು ನಿಯಮ. ನನಗೆ ಗೊತ್ತಿತ್ತು. ಆದರೆ ಒಬ್ಬಳು ಕೊಡ ಇಳಿಸಿ ನಿಂತು ನನ್ನ ಮಾತಿಗೆ ಕಾಯುವುದು ನನಗೆ ಬಹಳ ಹಿತವಾಗಿತ್ತು. ಇಷ್ಟು ವರ್ಷದ ಮೇಲೆ ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ಬೆಳಗಿನಿಂದಲೂ ಸೆಖೆ. ಅಂದು ನಮ್ಮಲ್ಲಿಗೆ ಹೊರಗಿನಿಂದ ದೊಡ್ಡವರು ಬರುವವರಿದ್ದರು, ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮಧ್ಯಾಹ್ನದ ಉಪಗ್ರಹ ಅಂದು ನೆತ್ತಿಯ ಮೇಲೆಯೇ ಹಾದುಹೋಗುವುದಿತ್ತು. ಡಿಶ್ ಎಂದಿನಂತೆ ಹೊರಳಿತು, ಎಂದಿನಂತೆ ತಡವಾಯಿತು. ಪರದೆಯ ಮೇಲೆ ಸಾಲುಗಳು ಬರುತ್ತ ಬರುತ್ತ ಸಾತಾರಾ ದಾಟಿ ಪುಣೆ ಹತ್ತಿರವಾಗುತ್ತಲೇ ಕಪ್ಪಾದವು, ಊರು ಹಿಂದೆ ಬಿದ್ದು ಜುನ್ನರಿನ ಕಡೆ ಸಾಗುವಾಗ ಮತ್ತೆ ಬೆಳಕಾದವು. ಮೇಲೂ ಬಿಸಿಲಿನ ನೆಲ, ಕೆಳಗೂ ಬಿಸಿಲಿನ ನೆಲ. ನಾನು ಅಂಚು ಗುರುತು ಮಾಡಿ ಗುಂಡಿ ಒತ್ತಿದೆ. ಕಪ್ಪು ಪಟ್ಟಿ ಹೋಗಿ ಅಲ್ಲೂ ಬಿಸಿಲಿನ ನೆಲವೇ ಬಂತು. ಮುನ್ಸೂಚನೆಯ ಕೋಣೆಗೆ ಚೀಟಿ ಬರೆದು ಕಳಿಸಿದೆ. ಅವರು ಅಂದು ಬೆಳಿಗ್ಗೆಯೇ ಕೆಲವು ಕಡೆ ಗುಡುಗು ಮಳೆ ಬರಬಹುದು ಎಂದು ಬರೆದಿದ್ದರು. ನಾನು ಅದನ್ನು ಓದಿರಲಿಲ್ಲ. ಗೋಡೆಗೆ ಒಂದು ಪ್ರತಿ ಹಾಕಿದೆ. ಅತಿಥಿಗಳು ನೋಡಿ ಬಹಳ ಸ್ಪಷ್ಟವಾಗಿದೆ ಎಂದರು. ಸಾಹೇಬರು ನನ್ನ ಕಡೆ ನೋಡಿ ತಲೆ ಆಡಿಸಿದರು. ಇನ್ನೊಂದು ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಚಹಾಕ್ಕೆ ಹೊರಗೆ ಬಂದೆ.

ಮಲ್ಲಮ್ಮ ಕೊಡ ತುಂಬಿಟ್ಟು ನಿಂತಿದ್ದಳು.

"ಬಾಯಾರ, ಆ ಕಡಿ ಕಪ್ಪ ಆಗ್ಯಾದಲ್ರಿ?" ಎಂದು ಪೂರ್ವಕ್ಕೆ ಕೈ ತೋರಿಸಿದಳು.

ಏಸಿ ಕೋಣೆಯಿಂದ ಬಂದವಳಿಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ನಾನು ಆ ಕಡೆ ಒಮ್ಮೆ ನೋಡಿದೆನೋ ಇಲ್ಲವೋ, ನನಗೆ ನೆನಪಿಲ್ಲ. ಕೈಯಲ್ಲಿದ್ದ ಚಿತ್ರ ನೋಡಿದ್ದು ನೆನಪಿದೆ. ಪುಣೆಯ ಮೇಲೆ ಬೆರಳಿಟ್ಟು ಅವಳಿಗೆ ತೋರಿಸಿದೆ.

"ಏನಿಲ್ಲ, ಇಲ್ನೋಡು. ಈಗರ ಬಂದದ್ದು ಇದು. ಸ್ವಚ್ಛ ಅದ. ಇವತ್ತ ಮಳಿ ಬರಂಗಿಲ್ಲ."

"ಹೌದ್ರಿ? ಸಾಬಣ್ಣ ಪಾಯದಾಗ ಇಳದಾನ. ಸಂಜಿಗಿ ಕಾಂಕ್ರೀಟ್ ಬರ್ತದಂತ, ಅಷ್ಟರಾಗ ಕಬ್ಬಿಣ ಕಟ್ಟಿ ಮುಗಸಬೇಕಂತ."

"ಕಟ್ಟಲಿ. ಬರಂಗಿಲ್ಲ ಅಂದ್ನೆಲ್ಲ."

ನಾಲ್ಕು ಗಂಟೆಯ ಸುಮಾರಿಗೆ ಕೋಣೆಯೊಳಗೂ ಗುಡುಗು ಕೇಳಿಸಿತು. ಹೊರಗೆ ಬಂದು ನೋಡಿದರೆ ಎದುರಿನ ಗೇಟು ಕಾಣದಷ್ಟು ಮಳೆ. ಮುಕ್ಕಾಲು ಗಂಟೆ ಸುರಿದು ನಿಂತಿತು. ದಿಬ್ಬದ ಮೇಲಿನ ನೀರೆಲ್ಲ ಕೆಳಗೆ ಇಳಿದು, ತಡೆಗೋಡೆಗೆಂದು ಅಗೆದ ಆಳದ ಪಾಯದ ಒಂದು ಮಗ್ಗುಲು ಕುಸಿದಿತ್ತು. ಒಳಗೆ ಇಬ್ಬರು ಇದ್ದರು. ಒಬ್ಬ ಬದುಕಿದ. ಸಾಬಣ್ಣ ಬದುಕಲಿಲ್ಲ.

ಕೂಗು ಕೇಳಿ ನಾವೆಲ್ಲ ಓಡಿದೆವು. ಜನ ಕೈಯಿಂದ, ಬುಟ್ಟಿಯಿಂದ ಕೆಸರು ತೆಗೆಯುತ್ತಿದ್ದರು. ಮಲ್ಲಮ್ಮ ಅಂಚಿನಲ್ಲಿ ಕೂತಿದ್ದಳು. ನನ್ನ ಕೈಯಲ್ಲಿ ಆ ಪ್ರತಿ ಇನ್ನೂ ಇತ್ತು. ಯಾಕೆ ಹಿಡಿದುಕೊಂಡು ಹೋಗಿದ್ದೆನೋ, ಉಳಿದಿದ್ದ ತುಂತುರು ಹನಿಗೆ ತಲೆಯ ಮೇಲೆ ಹಿಡಿದಿರಬೇಕು. ಅದನ್ನು ನೋಡಿದೆ. ಪುಣೆಯ ನೆಲ ಹೊಳೆಹೊಳೆಯುವ ಬಿಸಿಲಿನಲ್ಲಿತ್ತು. ಒಂದು ಕಲೆಯಿಲ್ಲ, ಒಂದು ನೆರಳಿಲ್ಲ. ನಿಜವಾದ ನೆಲ ಎಂದೂ ಅಷ್ಟು ನುಣುಪಾಗಿ ಇರುವುದಿಲ್ಲ. ಅದು ಕನ್ನಡಿ ನೋಡಿದ ನೆಲ ಆಗಿರಲಿಲ್ಲ. ನಾನು ತುಂಬಿದ್ದು. ನನ್ನ ಕೈಯಿಂದಲೇ ತುಂಬಿದ್ದನ್ನು ಅರ್ಧ ಗಂಟೆಯೊಳಗೆ ನಾನೇ ನಂಬಿ, ಬೆರಳಿಟ್ಟು ತೋರಿಸಿದ್ದೆ.

ಪಾಯಕ್ಕೆ ಆಸರೆ ಕೊಡದೆ ಅಗೆಸಿದ್ದು ಗುತ್ತಿಗೆದಾರನ ತಪ್ಪು. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಉಪಗ್ರಹದ ಬಗ್ಗೆ ಯಾರೂ ಕೇಳಲಿಲ್ಲ, ಯಾಕೆ ಕೇಳುತ್ತಾರೆ? ಮೂರನೆಯ ದಿನ ನಾನು ಜೋಪಡಿಗೆ ಹೋದೆ. ಹೇಳಬೇಕೆಂದೇ ಹೋಗಿದ್ದೆ. ಮಲ್ಲಮ್ಮ ನನ್ನ ಕೈ ಹಿಡಿದಳು.

"ನೀವರ ಏನ ಮಾಡ್ತೀರಿ ಬಾಯಾರ. ಅದು ಫೋಟೋ ತೆಗದ ಮ್ಯಾಲ ಬಂದ ಮಳಿ."

ಆ ಮಾತನ್ನು ನಾನು ಹಿಡಿದುಕೊಂಡೆ. ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವಳ ಕೈಯಲ್ಲಿ ಕೈಯಿಟ್ಟು ಸುಮ್ಮನೆ ಕೂತು ಎದ್ದು ಬಂದೆ. ನನ್ನ ಕೆಲಸದ ಬದುಕಿನಲ್ಲಿ ಅತ್ಯಂತ ಹೇಡಿತನದ ಹತ್ತು ನಿಮಿಷ ಅವು.

ಮರುದಿನ ಪಾಟಣಕರ್ ಸಾಹೇಬರ ಕೋಣೆಗೆ ಹೋಗಿ, ಇನ್ನು ಮೇಲೆ ಸಾಲು ತುಂಬುವುದಿಲ್ಲ ಎಂದೆ. ಅವರು ಕಾರಣ ಕೇಳಿದರು. ಎಲ್ಲ ಹೇಳಿದೆ. ಹೊರಗಿನವರಿಗೆ ಹವಾಮಾನ ಹೇಳಿದ್ದಕ್ಕೆ ಬೈಯಬಹುದು, ವರದಿ ಬರೆಯಬಹುದು ಎಂದುಕೊಂಡಿದ್ದೆ. ಬೈದರೆ ಹಗುರಾಗುತ್ತಿತ್ತೇನೋ. ಅವರು ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ಅದನ್ನೇ ತಿರುಗಿಸುತ್ತ ಕೂತರು.

"ಮೀ ಪಣ್ ಆಯುಷ್ಯಭರ್ ಭರಲ್ಯಾ ಬಾಈ," ಎಂದರು. ತಾವೂ ಜೀವಮಾನವೆಲ್ಲ ತುಂಬಿದ್ದೇ ತುಂಬಿದ್ದು, ಯಾರು ಯಾವ ಚಿತ್ರ ನೋಡಿ ಏನು ಮಾಡಿದರೋ ತಮಗೆ ಗೊತ್ತಾಗಲೇ ಇಲ್ಲ ಎಂದರು. ನಿಮಗೆ ಗೊತ್ತಾಯಿತು, ಅಷ್ಟೇ ವ್ಯತ್ಯಾಸ ಎಂದರು. ಅಂದಿನಿಂದ ನಮ್ಮ ಗೋಡೆಯ ಚಿತ್ರಗಳಲ್ಲಿ ಕಪ್ಪು ಪಟ್ಟಿ ಹಾಗೆಯೇ ಉಳಿಯಿತು. ಅತಿಥಿಗಳು ಇದೇನು ಎಂದು ಕೇಳಿದರೆ ಸಾಹೇಬರೇ ಮುಂದೆ ಬಂದು, ಅದು ನಾವು ನೋಡದೇ ಇರುವ ಜಾಗ ಎಂದು ಹೇಳುತ್ತಿದ್ದರು. ಆಮೇಲೆ ಎರಡು ವರ್ಷಕ್ಕೆ ನಿವೃತ್ತರಾದರು, ಮತ್ತೆ ಎರಡು ವರ್ಷಕ್ಕೆ ತೀರಿಕೊಂಡರು. ಅವರ ಮೇಲೆ ನನಗೆ ಒಂದು ಕಾಲದಲ್ಲಿ ಸಿಟ್ಟಿತ್ತು, ಈಗ ಇಲ್ಲ.

ಮಲ್ಲಮ್ಮ ಊರಿಗೆ ಹೋಗಿ ಗಂಡನ ಕಾರ್ಯ ಮುಗಿಸಿ ಮರಳಿ ಬಂದಳು. ಬರದೆ ಏನು ಮಾಡಿಯಾಳು, ಅಲ್ಲಿ ಅವಳಿಗೆ ಕೆಲಸವಿರಲಿಲ್ಲ. ಮತ್ತೆ ನಳಕ್ಕೆ ಬರತೊಡಗಿದಳು. ನಾನು ಅವಳ ಹೊತ್ತು ತಪ್ಪಿಸಿ ಚಹಾಕ್ಕೆ ಹೋಗಲು ನೋಡಿದೆ, ಅವಳು ಕಾಯುತ್ತಿದ್ದಳು. "ಫೋಟೋ ಏನಂತದ್ರಿ?" ಅದೇ ಪ್ರಶ್ನೆ. ಮಳೆಗಾಲ ಶುರುವಾದ ಮೇಲೂ ಅದೇ. ಒಂದು ದಿನವಂತೂ ಆಕಾಶ ಪೂರ್ತಿ ಕಪ್ಪಿಟ್ಟು, ಗಾಳಿ ಬೀಸಿ, ಮೊದಲ ಹನಿಗಳು ಅವಳ ಕೊಡದ ಮೇಲೆ ಟಪಟಪ ಬೀಳುತ್ತಿದ್ದವು. ಆಗಲೂ ಅವಳು ತಲೆ ಎತ್ತಲಿಲ್ಲ. ನನ್ನ ಮುಖ ನೋಡುತ್ತ, "ಇವತ್ತ ಬರ್ತದೇನ್ರಿ?" ಎಂದಳು.

"ಬರಾಕತ್ತದಲ್ಲವಾ, ನೋಡಬಾರದ?" ಎಂದು ಸಿಡುಕಿದೆ.

ಅವಳು ಕೊಡ ಎತ್ತಿಕೊಂಡು ಹೋದಳು. ನನ್ನ ಮೇಲಿನ ನಂಬಿಕೆ ಇನ್ನೂ ಹೋಗಿಲ್ಲ ಎಂದುಕೊಂಡೆ. ಆ ನಂಬಿಕೆ ನನ್ನನ್ನು ಸುಡುತ್ತಿತ್ತು. ಮುಂದಿನ ವರ್ಷ ಸಂಕೀರ್ಣದ ಕೆಲಸ ಮುಗಿದು, ಜೋಪಡಿಗಳನ್ನು ಕಿತ್ತು, ಅವರೆಲ್ಲ ಬೇರೆ ಕಡೆ ಹೋದರು.

ಎರಡು ಸಾವಿರದ ಇಸವಿಯ ನಂತರ ಎಲ್ಲ ಬದಲಾಯಿತು. ಹೊಸ ಡಿಶ್ ಬಂತು. ಅದಕ್ಕೆ ಮೂರನೆಯ ಮೋಟರ್, ಓರೆಯಾಗಿ ವಾಲಿಕೊಂಡು ನೆತ್ತಿಯ ಮೇಲಿನ ಉಪಗ್ರಹವನ್ನೂ ಬಿಡದೆ ಹಿಡಿಯುತ್ತಿತ್ತು. ಅದು ಮೊದಲ ಸಲ ನಲವತ್ತು ಸಾಲನ್ನೂ ಹಿಡಿದ ದಿನ ಎಲ್ಲರೂ ಪೇಢೆ ತಿಂದರು. ನಾನು ಪರದೆಯ ಮೇಲೆ ಪುಣೆಯ ನಿಜವಾದ ನೆಲ ನೋಡುತ್ತ ಕೂತೆ. ಹೊಲದ ಕಲೆ, ಕೆರೆಯ ಕಪ್ಪು, ಸಣ್ಣ ಸಣ್ಣ ಮೋಡದ ಚುಕ್ಕೆ. ಎಷ್ಟು ಒರಟಾಗಿತ್ತು ನಮ್ಮ ಊರು. ಏಳೆಂಟು ವರ್ಷ ಮೊದಲು ಬಂದಿದ್ದರೆ ಎಂದು ಅನ್ನಿಸಿ ಕಣ್ಣು ತುಂಬಿದವು, ಪಕ್ಕದವರು ಸಂತೋಷಕ್ಕೆ ಎಂದುಕೊಂಡರು.

ಆಮೇಲೆ ಕೈಯಿಂದ ಗುರುತು ಮಾಡಿ ತುಂಬುವ ಕೆಲಸವೂ ಹೋಯಿತು. ಈಗ ಯಾವ ಕಾರಣಕ್ಕೆ ಸಾಲು ಹೋದರೂ ತಂತ್ರಾಂಶ ತಾನೇ ತುಂಬುತ್ತದೆ. ಯಾವ ಸಾಲು ನಿಜ, ಯಾವುದು ತುಂಬಿದ್ದು ಎಂದು ಪ್ರತಿ ಚಿತ್ರದ ಜೊತೆ ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ. ಆ ಕಡತವನ್ನು ಯಾರೂ ತೆರೆಯುವುದಿಲ್ಲ. ನಾನು ಹೊಸಬರಿಗೆ ಮೊದಲು ಅದನ್ನು ತೆರೆಸುತ್ತಿದ್ದೆ, ಆಮೇಲೆ ಚಿತ್ರ. ಮುದುಕಿಯ ಹಟ ಎಂದು ಅವರು ತಮ್ಮೊಳಗೆ ನಗುತ್ತಿದ್ದರು. ನಗಲಿ. ನಾನು ಬಿಡಲಿಲ್ಲ.

ನಿವೃತ್ತಿಯ ನಂತರ ನಾವು ನಿಗಡಿಯಲ್ಲಿ ಫ್ಲಾಟ್ ಮಾಡಿದೆವು. ಕಪಾಟು ಹೊಂದಿಸುವಾಗ ಆ ಪ್ರತಿ ಸಿಕ್ಕಿತು, ಮಳೆಹನಿ ಬಿದ್ದು ಒಂದು ಮೂಲೆ ಉಬ್ಬಿತ್ತು. ಅದನ್ನು ಮತ್ತೆ ಒಳಗಿಡಲು ಮನಸ್ಸು ಒಪ್ಪಲಿಲ್ಲ. ಯಾದಗಿರಿ ಕಡೆಯ ಪರಿಚಯದವರನ್ನು ಕೇಳುತ್ತ ಕೇಳುತ್ತ, ಮಲ್ಲಮ್ಮ ಭೋಸರಿಯ ಒಂದು ಕಾರ್ಖಾನೆಯಲ್ಲಿ ಕಸಗುಡಿಸುವ ಕೆಲಸ ಮಾಡುತ್ತಾಳೆ ಎಂದು ತಿಳಿಯಿತು. ಒಂದು ಜೂನ್ ತಿಂಗಳ ಭಾನುವಾರ ಮಧ್ಯಾಹ್ನ ಹೋದೆ. ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಒಂದೇ ಖೋಲಿ. ಕೂದಲು ಬೆಳ್ಳಗಾಗಿದ್ದವು, ನನ್ನನ್ನು ಕೂಡಲೇ ಗುರುತು ಹಿಡಿದಳು. ನೀರು ಕೊಟ್ಟಳು, ಚಹಾ ಇಟ್ಟಳು. ನಾನು ಚಹಾ ಕುಡಿಯುವ ಮೊದಲೇ ಹೇಳಬೇಕೆಂದು ಚಿತ್ರ ಬಿಚ್ಚಿ ಅವಳ ಮುಂದೆ ಹರಡಿದೆ. ಎಲ್ಲ ಹೇಳಿದೆ. ಡಿಶ್ ತಿರುಗಿದ್ದು, ಸಾಲು ಹೋದದ್ದು, ನಾನು ತುಂಬಿದ್ದು.

ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ಚಿತ್ರದ ಮೇಲೆ ಬಗ್ಗಿದಳು.

"ನಾವು ಎಲ್ಲಿದ್ವಿರಿ ಇದರಾಗ?"

ತೋರಿಸಿದೆ.

"ಇಲ್ಲಿ ಮೋಡ ಇತ್ತೇನ್ರಿ ಅವತ್ತ?"

"ಇದ್ದಿರಬೇಕು. ನಾವು ನೋಡಲಿಲ್ಲ. ನಾ ಸುಳ್ಳ ತೋರಿಸಿದೆ ನಿನಗ."

ಒಲೆಯ ಮೇಲೆ ಚಹಾ ಉಕ್ಕಿತು. ಅವಳು ಏಳಲಿಲ್ಲ, ನಾನೇ ಕೈ ಚಾಚಿ ಒಲೆ ಆರಿಸಿದೆ.

"ಅವಾ ಮ್ಯಾಲ ಬಂದಿದ್ದನ್ರಿ," ಎಂದಳು ಮಲ್ಲಮ್ಮ. "ನಾ ನೀರ ತಗೊಂಡ ಹೋಗೂದ್ರಾಗ ಅವಾ ಕಪ್ಪ ನೋಡಿ ಪಾಯದಿಂದ ಮ್ಯಾಲ ಬಂದ ಕುಂತಿದ್ದ. ನಾನೂ ನೋಡಿದ್ದೆ, ಅವನೂ ನೋಡಿದ್ದ. ಬಾಯಾರು ಬರಂಗಿಲ್ಲ ಅಂದಾರ, ಇಳಿ ಅಂತ ನಾನ ಇಳಿಸಿದೆ."

ಚಿತ್ರದ ಉಬ್ಬಿದ ಮೂಲೆಯನ್ನು ನಾನು ಅಂಗೈಯಿಂದ ಒತ್ತಿ ಹಿಡಿದೆ.

"ಅವತ್ತಿಂದ ನಾ ಮ್ಯಾಲ ನೋಡೂದ ಬಿಟ್ಟೆನ್ರಿ. ಫೋಟೋದಾಗ ಇಲ್ಲದ ಮೋಡ ನನ್ನ ಕಣ್ಣಿಗಿ ಹೆಂಗ ಕಂಡಿತು, ನನ್ನ ಕಣ್ಣಾಗ ಏನೋ ದೋಷ ಅದ, ಅದಕ್ಕ ಅವಾ ಹ್ವಾದ ಅಂತ ತಿಳಕೊಂಡಿದ್ದೆ. ನಿಮಗ ಕೇಳದ ಹೊರಗ ಒಂದ ಅರಿವಿ ಒಣ ಹಾಕ್ಲಿಲ್ಲ. ನೀವ ಸಿಗದಂಗಾದ ಮ್ಯಾಲ ಮಂದಿಗಿ ಕೇಳ್ತಿದ್ದೆ." ಅವಳ ಧ್ವನಿ ಏರಿರಲಿಲ್ಲ. "ಒಂದ ಮಾತ ಅವತ್ತ ಹೇಳಿದ್ರ ಆಗ್ತಿತ್ತಲ್ರಿ."

ಆಗುತ್ತಿತ್ತು. ಮೂರನೆಯ ದಿನ ಆ ಜೋಪಡಿಯಲ್ಲಿ ಆಗುತ್ತಿತ್ತು, ಆಮೇಲೆ ನಳದ ಹತ್ತಿರ ಪ್ರತಿ ಮಧ್ಯಾಹ್ನವೂ ಆಗುತ್ತಿತ್ತು. ನಾನು ಅವಳ ಗಂಡನ ಲೆಕ್ಕವನ್ನಷ್ಟೇ ಎದೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಅತ್ತಿದ್ದೆ. ಅವಳ ಕಣ್ಣನ್ನೂ ಕಿತ್ತುಕೊಂಡು ಬಂದಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಾಲು ಹಿಡಿಯಲು ಹೋದೆ, ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಚಿತ್ರವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

ಆಮೇಲೆ ಎದ್ದು ಬಾಗಿಲಿಗೆ ಹೋದಳು. ಚೌಕಟ್ಟು ಹಿಡಿದು, ಕಾರ್ಖಾನೆಯ ತಗಡಿನ ಮಾಡುಗಳ ಮೇಲೆ ತಲೆ ಎತ್ತಿ, ನಿಧಾನಕ್ಕೆ ಈ ಕಡೆಯಿಂದ ಆ ಕಡೆಯವರೆಗೆ ಆಕಾಶ ನೋಡಿದಳು. ಬಹಳ ಹೊತ್ತು ನೋಡಿದಳು.

"ಮಳಿ ಬರ್ತದ," ಎಂದಳು. "ನೀವ ಹೊಂಡ್ರಿ."

ನನ್ನ ಕಣ್ಣಿಗೆ ಆಕಾಶದಲ್ಲಿ ಅಂಥದ್ದೇನೂ ಕಾಣಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ರಿಕ್ಷಾ ಹಿಡಿದೆ. ನಿಗಡಿ ಮುಟ್ಟುವ ಮೊದಲೇ ಮಳೆ ಹಿಡಿಯಿತು.